ವಾಷಿಂಗ್ಟನ್ ಅಧಿವೇಶನಕ್ಕೆ ಮೊದಲ ಸಲ ಪ್ರತಿನಿಧಿಯಾಗಿ ಹೋಗುತ್ತಿದ್ದೇನೆ: ನನ್ನ ಕೈಯಲ್ಲಿರುವ ಮತ ಯಾರದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಆರು ವರ್ಷಗಳಿಂದ ಲೀಗ್ ಆಫ್ ವಿಮೆನ್ ವೋಟರ್ಸ್ (ಮಹಿಳಾ ಮತದಾರರ ಲೀಗ್) ಎಂಬ ಅಮೆರಿಕದ ಪಕ್ಷಾತೀತ ಸಂಸ್ಥೆಯ ಒಂದು ಸ್ಥಳೀಯ ಶಾಖೆಯಲ್ಲಿ ಸದಸ್ಯೆಯಾಗಿದ್ದೇನೆ. ಅಮೆರಿಕದ ಪೌರತ್ವದ ಪ್ರಮಾಣವಚನ ಮುಗಿಸಿ, ಒಂದು ಕೈಯಲ್ಲಿ ಪ್ರಮಾಣಪತ್ರ, ಇನ್ನೊಂದು ಕೈಯಲ್ಲಿ ಪುಟ್ಟ ಬಾವುಟ ಹಿಡಿದು ಸಭಾಂಗಣದಿಂದ ಹೊರಬಂದಾಗ, ಬಾಗಿಲ ಪಕ್ಕದಲ್ಲಿ ಮಡಚುವ ಮೇಜೊಂದರ ಹಿಂದೆ ಕುಳಿತಿದ್ದ ಹಿರಿಯ ಮಹಿಳೆಯೊಬ್ಬರು ಮತದಾರರ ನೋಂದಣಿಯ ಅರ್ಜಿಯನ್ನು ನನ್ನ ಮುಂದಿಟ್ಟು, ಪೆನ್ನಿನ ಮುಚ್ಚಳವನ್ನೂ ತಾವೇ ತೆಗೆದುಕೊಟ್ಟರು. ಯಾರಿಗೆ ಮತ ಹಾಕಬೇಕೆಂಬ ಬಗ್ಗೆ ಅವರು ತುಟಿ ಬಿಚ್ಚಲಿಲ್ಲ. ಎಲ್ಲಿ ಸಹಿ ಮಾಡಬೇಕೆಂಬುದನ್ನಷ್ಟೇ ಬೆರಳಿಟ್ಟು ತೋರಿಸಿದರು. ಆ ಸಂಯಮ ನನ್ನ ಮನಸ್ಸನ್ನು ಹಿಡಿಯಿತು, ಮರು ತಿಂಗಳೇ ಶಾಖೆಗೆ ಸೇರಿದೆ. ಈಗ ಅದೇ ಮೇಜಿನ ಹಿಂದೆ ನಾನೂ ಕೂರುತ್ತೇನೆ.

ಬರುವ ಜೂನ್ ತಿಂಗಳಲ್ಲಿ ವಾಷಿಂಗ್ಟನ್ ನಗರದಲ್ಲಿ ನಡೆಯಲಿರುವ ರಾಷ್ಟ್ರೀಯ ಅಧಿವೇಶನಕ್ಕೆ ನಮ್ಮ ಶಾಖೆಯು ಇಬ್ಬರು ಪ್ರತಿನಿಧಿಗಳನ್ನು ಆರಿಸಿದ್ದು, ಅವರಲ್ಲಿ ನಾನೊಬ್ಬಳು. ಪ್ರಯಾಣ, ವಸತಿಗಳ ವ್ಯವಸ್ಥೆಯೆಲ್ಲ ಆಗಿದೆ. ನನ್ನನ್ನು ಕಾಡುತ್ತಿರುವ ವಿಷಯ ಬೇರೆ.

ಈ ಬಾರಿ ಸದಸ್ಯರಿಂದ ರಾಷ್ಟ್ರೀಯ ಕಚೇರಿಗೆ ಸಲ್ಲಬೇಕಾದ ತಲಾ ವಂತಿಗೆಯನ್ನು ಹೆಚ್ಚಿಸುವ ಉಪನಿಯಮ ತಿದ್ದುಪಡಿಯೊಂದು ಮತಕ್ಕೆ ಬರಲಿದೆ. ನಮ್ಮ ಶಾಖೆಯ ಸಭೆಯಲ್ಲಿ ಇದರ ಮೇಲೆ ಎರಡು ಗಂಟೆ ಚರ್ಚೆ ನಡೆದು, ಕೊನೆಗೆ ಕೈಯೆತ್ತಿಸಿದಾಗ 23 ಮಂದಿ ವಿರೋಧಿಸಿದರು, 19 ಮಂದಿ ಒಪ್ಪಿದರು. ಅಂದು ನಾನೂ ವಿರೋಧಿಸಿದವರ ಪೈಕಿಯೇ. ನಮ್ಮಲ್ಲಿ ಬಹುತೇಕರು ನಿವೃತ್ತರು, ಪಿಂಚಣಿಯ ಮೇಲೆ ಬದುಕುವವರು. ಅವರ ಮಾತಿನಲ್ಲಿ ಹುರುಳಿತ್ತು. ಆದರೆ ಅದಾದ ಮೇಲೆ ಅಧಿವೇಶನದ ಕೈಪಿಡಿ ಕೈಸೇರಿತು. ಅದರಲ್ಲಿನ ಆಯವ್ಯಯದ ಪುಟಗಳನ್ನು ಪೆನ್ಸಿಲ್ ಹಿಡಿದು ಎರಡು ಸಲ ಓದಿದ ನಂತರ, ಸ್ವಲ್ಪವಾದರೂ ಹೆಚ್ಚಳ ಬೇಕೇ ಬೇಕು ಎಂದು ನನಗೆ ಅನ್ನಿಸುತ್ತಿದೆ. ಮತದಾರರ ನೋಂದಣಿಯ ಕೆಲಸ ಪುಕ್ಕಟೆಯಾಗಿ ಆಗುವುದಿಲ್ಲ ಎಂಬುದನ್ನು ಆ ಮೇಜಿನ ಹಿಂದೆ ಕುಳಿತು ನಾನೇ ಕಂಡಿದ್ದೇನೆ.

ಹೀಗಿರುವಾಗ ನಾನು ಶಾಖೆಯ ತೀರ್ಮಾನಕ್ಕೆ ಕಟ್ಟುಬಿದ್ದು ವಿರುದ್ಧವಾಗಿ ಮತ ಹಾಕಬೇಕೋ, ಅಥವಾ ಸಭೆಯ ಚರ್ಚೆಯನ್ನು ಆಲಿಸಿ ನನ್ನ ಬುದ್ಧಿಗೆ ಸರಿಕಂಡಂತೆ ನಡೆಯಬಹುದೋ? ಮೊದಲನೆಯದು ಅಪ್ರಾಮಾಣಿಕ ಅನ್ನಿಸುತ್ತದೆ, ಎರಡನೆಯದು ನಂಬಿಕೆದ್ರೋಹ ಅನ್ನಿಸುತ್ತದೆ. ಹಿಂದೆ ಪ್ರತಿನಿಧಿಗಳಾಗಿ ಹೋಗಿಬಂದವರು ದಯವಿಟ್ಟು ತಿಳಿಸಬೇಕು. ಸಭೆಯ ನಡಾವಳಿ ಹೇಗಿರುತ್ತದೆ, ನೂರಾರು ಜನರ ನಡುವೆ ಮೈಕಿನ ಮುಂದೆ ನಿಂತು ಮಾತನಾಡುವುದಕ್ಕೆ ಹೇಗೆ ಸಿದ್ಧಳಾಗಬೇಕು ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ. ನಮ್ಮ ರಾಜ್ಯದ ಗುಂಪು ಅಧಿವೇಶನಕ್ಕೆ ಒಂದು ದಿನ ಮೊದಲೇ ಹೋಗಿ ಸಂಸದರ ಕಚೇರಿಗಳಿಗೆ ಭೇಟಿ ಕೊಡುವ ಯೋಚನೆಯಲ್ಲಿದೆ. ಆ ಬಗ್ಗೆಯೂ ನಾಲ್ಕು ಮಾತು ಬೇಕು.

ಉತ್ತರ 1

ಮೊದಲಿಗೆ ಅಭಿನಂದನೆಗಳು. ಕೈಪಿಡಿಯನ್ನು ಪೆನ್ಸಿಲ್ ಹಿಡಿದು ಎರಡು ಸಲ ಓದಿದ್ದೀರಿ ಎಂದಾಗಲೇ ನಿಮ್ಮ ಶಾಖೆ ಸರಿಯಾದವರನ್ನೇ ಕಳಿಸುತ್ತಿದೆ ಎಂದು ನನಗೆ ಖಾತ್ರಿಯಾಯಿತು. ನಾನು 2016ರಲ್ಲಿ ವಾಷಿಂಗ್ಟನ್‌ನಲ್ಲೇ ನಡೆದ ಅಧಿವೇಶನದಲ್ಲಿ ಪ್ರತಿನಿಧಿಯಾಗಿದ್ದೆ. 2020ರಲ್ಲಿ, ಸಂಸ್ಥೆಗೆ ನೂರು ವರ್ಷ ತುಂಬಿದಾಗ, ಅಲ್ಲಿಯೇ ಮತ್ತೆ ಸೇರಬೇಕೆಂದಿದ್ದ ಸಭೆ ಕೋವಿಡ್ ಕಾರಣದಿಂದ ಆನ್‌ಲೈನ್‌ನಲ್ಲಿ ನಡೆಯಿತು, ಅದರಲ್ಲೂ ಪಾಲ್ಗೊಂಡೆ. ಎರಡರ ನಡುವಿನ ಅಂತರವನ್ನು ಕಂಡವಳಾಗಿ ಹೇಳುತ್ತೇನೆ: ಎದುರುಬದುರು ಕುಳಿತು ಕೇಳಿದ ಮಾತು ಮನಸ್ಸನ್ನು ಬದಲಿಸುವಷ್ಟು ಪರದೆಯ ಮೇಲೆ ಕೇಳಿದ ಮಾತು ಬದಲಿಸುವುದಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ಬೇರು ಇಲ್ಲಿದೆ.

ಪ್ರತಿನಿಧಿಗಳನ್ನು ಸಾವಿರಾರು ಮೈಲಿ ದೂರದಿಂದ ಕರೆಸಿ ಒಂದೇ ಸೂರಿನಡಿ ಕೂರಿಸುವುದು ಅವರು ಒಬ್ಬರ ಮಾತನ್ನು ಒಬ್ಬರು ಕೇಳಲಿ ಎಂದು. ಎಲ್ಲರೂ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬರುವುದಾಗಿದ್ದರೆ ಪ್ರತಿ ಶಾಖೆಯೂ ತನ್ನ ಮತವನ್ನು ಅಂಚೆಯಲ್ಲಿ ಕಳಿಸಿ ಎಣಿಸಿಬಿಡಬಹುದಿತ್ತು. ಸಂಸ್ಥೆಯ ನಿಯಮ ಅದಕ್ಕೆ ಎಡೆ ಕೊಟ್ಟಿಲ್ಲ: ಗೈರುಹಾಜರಿಯಲ್ಲಿ ಮತ ಹಾಕುವಂತಿಲ್ಲ, ಬೇರೊಬ್ಬರ ಪರವಾಗಿಯೂ ಹಾಕುವಂತಿಲ್ಲ. ಒಬ್ಬ ಪ್ರತಿನಿಧಿಗೆ ಒಂದೇ ಮತ, ಅದೂ ಸಭಾಂಗಣದಲ್ಲಿ ಹಾಜರಿದ್ದರೆ ಮಾತ್ರ. ಬ್ರಿಟಿಷ್ ರಾಜಕಾರಣಿ ಎಡ್ಮಂಡ್ ಬರ್ಕ್ 1774ರಲ್ಲಿ ಬ್ರಿಸ್ಟಲ್‌ನ ಮತದಾರರ ಮುಂದೆ ವಾದಿಸಿದ್ದೂ ಇದನ್ನೇ. ಪ್ರತಿನಿಧಿಯಾದವನು ತನ್ನನ್ನು ಆರಿಸಿದವರಿಗೆ ಬರೀ ದುಡಿಮೆಯನ್ನಲ್ಲ, ತನ್ನ ವಿವೇಚನೆಯನ್ನೂ ಸಲ್ಲಿಸಬೇಕು, ಅದನ್ನು ಅವರ ಅಭಿಪ್ರಾಯಕ್ಕೆ ಬಲಿಗೊಟ್ಟರೆ ಅದು ಸೇವೆಯಾಗದೆ ವಂಚನೆಯಾಗುತ್ತದೆ ಎಂಬುದು ಅವನ ನಿಲುವು.

ಲೀಗ್‌ನ ಇತಿಹಾಸಕ್ಕೆ ಇನ್ನೂ ಹತ್ತಿರದ ಒಂದು ಪ್ರಸಂಗವಿದೆ. ಮಹಿಳೆಯರಿಗೆ ಮತದಾನದ ಹಕ್ಕು ನೀಡುವ 19ನೇ ತಿದ್ದುಪಡಿ 1920ರ ಆಗಸ್ಟ್ 18ರಂದು ಟೆನೆಸ್ಸಿ ರಾಜ್ಯದ ಶಾಸನಸಭೆಯ ಕೆಳಮನೆಯ ಮುಂದಿತ್ತು. ಅದು ಜಾರಿಗೆ ಬರಲು ಇನ್ನೊಂದು ರಾಜ್ಯದ ಒಪ್ಪಿಗೆಯಷ್ಟೇ ಬಾಕಿಯಿತ್ತು. ಹ್ಯಾರಿ ಬರ್ನ್ ಎಂಬ 24 ವರ್ಷದ ಸದಸ್ಯ ವಿರೋಧಿಗಳ ಗುರುತಾದ ಕೆಂಪು ಗುಲಾಬಿಯನ್ನು ಕೋಟಿಗೆ ಸಿಕ್ಕಿಸಿಕೊಂಡು ಕುಳಿತಿದ್ದ. ಅಂದು ಮೊದಲು ನಡೆದ ಮತದಾನದಲ್ಲಿ ವಿರೋಧಿಗಳ ಜೊತೆಗೇ ನಿಂತಿದ್ದ. ಆದರೆ ತಿದ್ದುಪಡಿಯನ್ನು ಬೆಂಬಲಿಸುವಂತೆ ತಾಯಿ ಬರೆದಿದ್ದ ಪತ್ರ ಅವನ ಜೇಬಿನಲ್ಲಿತ್ತು. ಎರಡೂ ಬಣಗಳ ಬಲ ಸಮಸಮವಾಗಿದ್ದ ಆ ಹೊತ್ತಿನಲ್ಲಿ, ಕೊನೆಯ ಮತದಾನಕ್ಕೆ ಹೆಸರು ಕೂಗಿದಾಗ ಅವನು ಪರವಾಗಿ ಮತ ಕೊಟ್ಟ. ಆ ಒಂದು ಮತದಿಂದ ದೇಶದ ಸಂವಿಧಾನವೇ ಬದಲಾಯಿತು. ಅವನು ಬಂದಿದ್ದ ಕ್ಷೇತ್ರದಲ್ಲಿ ವಿರೋಧ ಬಲವಾಗಿತ್ತು ಎಂಬುದನ್ನು ನೆನೆದಾಗ, ನಿಮ್ಮ ಸಂದಿಗ್ಧ ಹೊಸದಲ್ಲವೆಂದು ನಿಮಗೇ ತೋರೀತು.

ಇನ್ನು ನಡಾವಳಿಯ ವಿಷಯ. ಹೊಸಬರು ಸಾಮಾನ್ಯವಾಗಿ ಮೊದಲ ಒಂದು ಗಂಟೆಯನ್ನು ಔಪಚಾರಿಕವೆಂದು ಭಾವಿಸಿ ತಡವಾಗಿ ಬರುತ್ತಾರೆ. ಇದಕ್ಕಿಂತ ದೊಡ್ಡ ತಪ್ಪಿಲ್ಲ. ಎಷ್ಟು ಮಂದಿ ಅರ್ಹ ಪ್ರತಿನಿಧಿಗಳು ಹಾಜರಿದ್ದಾರೆಂಬ ವರದಿ, ಈ ಅಧಿವೇಶನಕ್ಕಷ್ಟೇ ಅನ್ವಯಿಸುವ ಸ್ಥಾಯಿ ನಿಯಮಗಳು, ಕಾರ್ಯಸೂಚಿ, ಈ ಮೂರೂ ಆ ಗಂಟೆಯಲ್ಲೇ ಅಂಗೀಕಾರವಾಗುತ್ತವೆ. ಒಬ್ಬರು ಎಷ್ಟು ನಿಮಿಷ ಮಾತನಾಡಬಹುದು, ಒಂದು ವಿಷಯಕ್ಕೆ ಒಟ್ಟು ಎಷ್ಟು ಸಮಯ ಎಂಬುದು ಅಲ್ಲೇ ನಿಗದಿಯಾಗುತ್ತದೆ. ಆಮೇಲೆ ಹೊತ್ತು ಸಾಲದೆಂದು ಗೊಣಗಿದರೆ ಯಾರೂ ಏನೂ ಮಾಡಲಾರರು.

ಸಭೆಯು ರಾಬರ್ಟ್ಸ್ ರೂಲ್ಸ್ ಪ್ರಕಾರ ನಡೆಯುತ್ತದೆ. ಹೆನ್ರಿ ಮಾರ್ಟಿನ್ ರಾಬರ್ಟ್ ಅಮೆರಿಕದ ಸೇನೆಯಲ್ಲಿ ಎಂಜಿನಿಯರ್ ಆಗಿದ್ದವರು. 1863ರಲ್ಲಿ ನ್ಯೂ ಬೆಡ್‌ಫರ್ಡ್ ಊರಿನ ಚರ್ಚ್ ಒಂದರಲ್ಲಿ ಸಭೆಯೊಂದರ ಅಧ್ಯಕ್ಷತೆ ವಹಿಸಬೇಕಾಗಿ ಬಂದು, ಅದನ್ನು ಹತೋಟಿಯಲ್ಲಿಡಲಾಗದೆ ಪಟ್ಟ ಮುಜುಗರದಿಂದಲೇ ನಿಯಮಗಳ ಅಧ್ಯಯನಕ್ಕಿಳಿದು, 1876ರಲ್ಲಿ ಪುಸ್ತಕ ಪ್ರಕಟಿಸಿದರು. ಅದರ ಈಗಿನ ಆವೃತ್ತಿ ಬಹಳ ದಪ್ಪ. ಪೂರ್ತಿ ಓದುವ ಅಗತ್ಯವಿಲ್ಲ. ಗೊತ್ತುವಳಿಗೆ ಒಬ್ಬರ ಅನುಮೋದನೆ ಬೇಕು, ತಿದ್ದುಪಡಿಯನ್ನು ಮೂಲ ಗೊತ್ತುವಳಿಗಿಂತ ಮೊದಲು ಮತಕ್ಕೆ ಹಾಕಬೇಕು, ಚರ್ಚೆ ಮುಗಿಸಿ ಮತಕ್ಕೆ ಹೋಗೋಣವೆಂದು ಯಾರಾದರೂ ಸೂಚಿಸಿದರೆ ಅದಕ್ಕೆ ಮೂರನೇ ಎರಡರಷ್ಟು ಮತ ಬೇಕು, ನಿಯಮ ಮುರಿದಾಗ ಮಾತನಾಡುತ್ತಿರುವವರನ್ನು ತಡೆದಾದರೂ ಕ್ರಿಯಾಲೋಪ ಎತ್ತಬಹುದು. ಮೊದಲ ಸಲ ಹೋಗುವವರಿಗೆ ಇಷ್ಟು ಸಾಕು. ತಿಳಿಯದಿದ್ದರೆ ಮಾಹಿತಿ ಕೇಳುವ ಹಕ್ಕು ಪ್ರತಿಯೊಬ್ಬ ಪ್ರತಿನಿಧಿಗೂ ಇದೆ. ವೇದಿಕೆಯಲ್ಲಿ ಅಧ್ಯಕ್ಷರ ಪಕ್ಕದಲ್ಲಿ ನಿಯಮತಜ್ಞರೊಬ್ಬರು ಇದಕ್ಕೆಂದೇ ಕುಳಿತಿರುತ್ತಾರೆ.

ಮೈಕಿನ ಮುಂದೆ ಹೋಗುವ ಮೊದಲು ನಿಮ್ಮ ಮಾತನ್ನು ದೊಡ್ಡಕ್ಷರದಲ್ಲಿ ಒಂದು ಚೀಟಿಯ ಮೇಲೆ ಬರೆದಿಟ್ಟುಕೊಳ್ಳಿ. ಮೊದಲ ವಾಕ್ಯ ನಿಮ್ಮ ಹೆಸರು ಮತ್ತು ಶಾಖೆ, ಎರಡನೆಯ ವಾಕ್ಯ ಪರವೋ ವಿರೋಧವೋ ಎಂಬುದು. ಕಾರಣ ಒಂದೇ ಇರಲಿ. 2016ರಲ್ಲಿ ನಾನು ಮೂರು ಕಾರಣಗಳನ್ನು ಹೊತ್ತುಕೊಂಡು ಹೋಗಿ, ಎರಡನೆಯದರ ನಡುವಿನಲ್ಲೇ ಸಮಯಪಾಲಕರು ಕೆಂಪು ಕಾರ್ಡು ಎತ್ತಿದಾಗ, ಅತಿ ಮುಖ್ಯವಾದ ಮೂರನೆಯದನ್ನು ಜೇಬಿನಲ್ಲೇ ಇಟ್ಟುಕೊಂಡು ಹಿಂದಿರುಗಿದೆ. ನಿಮ್ಮ ಉಚ್ಚಾರದ ಬಗ್ಗೆ ಅಳುಕು ಬೇಡ. ಆ ಸಭಾಂಗಣದಲ್ಲಿ ಹತ್ತಾರು ರಾಜ್ಯಗಳ ಉಚ್ಚಾರಗಳಿರುತ್ತವೆ, ಎಲ್ಲರೂ ಕಿವಿಗೊಟ್ಟು ಕೇಳುತ್ತಾರೆ.

ಸಂಜೆಯ ಕಾಕಸ್‌ಗಳನ್ನು, ಅಂದರೆ ಒಂದೊಂದು ವಿಷಯದ ಪರವಾಗಿರುವವರ ಸಣ್ಣ ಸಭೆಗಳನ್ನು, ತಪ್ಪಿಸಬೇಡಿ. ಶಾಖೆಗಳು ಸೂಚಿಸಿದ್ದರೂ ರಾಷ್ಟ್ರೀಯ ಮಂಡಳಿ ಶಿಫಾರಸು ಮಾಡದೆ ಬಿಟ್ಟ ವಿಷಯಗಳ ಪರವಾಗಿರುವವರು ಅಲ್ಲಿ ಬೆಂಬಲ ಕೂಡಿಸುತ್ತಾರೆ. ಮರುದಿನದ ಚರ್ಚೆ ಎತ್ತ ತಿರುಗುತ್ತದೆಂಬುದು ಆ ಸಣ್ಣ ಕೋಣೆಗಳಲ್ಲೇ ಗೊತ್ತಾಗುತ್ತದೆ.

ಉತ್ತರ 2

ಮೇಲಿನವರ ಅನುಭವದ ಬಗ್ಗೆ ನನಗೆ ಗೌರವವಿದೆ, ಆದರೆ ಅವರು ಹೇಳಿದ್ದು ನಾಣ್ಯದ ಒಂದು ಮುಖ. ನಾನು ನಾಲ್ಕು ವರ್ಷ ಒಂದು ಶಾಖೆಯ ಅಧ್ಯಕ್ಷಳಾಗಿದ್ದವಳು, ಅಂದರೆ ಪ್ರತಿನಿಧಿಗಳನ್ನು ಕಳಿಸಿ ಮನೆಯಲ್ಲಿ ಕಾದು ಕುಳಿತವಳು. ಒಂದು ಸಲ ನಮ್ಮ ಪ್ರತಿನಿಧಿಯೊಬ್ಬರು ಸಭೆಯ ಅಭಿಪ್ರಾಯಕ್ಕೆ ವಿರುದ್ಧವಾಗಿ ಮತ ಹಾಕಿ ಬಂದರು. ಮತ ಹಾಕಿದ್ದಕ್ಕೆ ಯಾರೂ ಮುನಿಯಲಿಲ್ಲ. ಅವರು ಹಿಂದಿರುಗಿದ ಮೇಲೆ ಆ ವಿಷಯವನ್ನೇ ಎತ್ತದೆ, ನಗರದ ಫೋಟೋಗಳನ್ನು ತೋರಿಸಿ ವರದಿ ಮುಗಿಸಿದ್ದಕ್ಕೆ ಮುನಿದರು. ಮೂರು ತಿಂಗಳ ನಂತರ ಬೇರೆ ಯಾರಿಂದಲೋ ವಿಷಯ ತಿಳಿದಾಗ ಇಬ್ಬರು ಹಳೆಯ ಸದಸ್ಯರು ಸದಸ್ಯತ್ವ ನವೀಕರಿಸಲೇ ಇಲ್ಲ.

ಬರ್ಕ್‌ನ ಉದಾಹರಣೆ ಕೊಡುವವರು ಮುಂದೇನಾಯಿತೆಂಬುದನ್ನೂ ಹೇಳಬೇಕು. 1780ರಲ್ಲಿ ಬ್ರಿಸ್ಟಲ್‌ನಲ್ಲಿ ಬೆಂಬಲ ಉಳಿದಿಲ್ಲವೆಂದು ಕಂಡುಕೊಂಡು ಅವನು ಕಣದಿಂದ ಹಿಂದೆ ಸರಿಯಬೇಕಾಯಿತು. ಹ್ಯಾರಿ ಬರ್ನ್ ಮಾತ್ರ 1920ರ ನವೆಂಬರ್‌ನಲ್ಲಿ ಮತ್ತೆ ಆರಿಸಿ ಬಂದ. ಇಬ್ಬರ ಕಾಲ, ದೇಶ, ಸನ್ನಿವೇಶಗಳೆಲ್ಲ ಬೇರೆ ಬೇರೆಯಾಗಿದ್ದವು. ಆದರೂ ಬರ್ನ್ ಮಾಡಿದ ಒಂದು ಕೆಲಸ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ತಾನು ಏಕೆ ಹಾಗೆ ಮತ ಕೊಟ್ಟೆನೆಂಬ ಕಾರಣವನ್ನು, ತಾಯಿಯ ಸಲಹೆಯ ಮಾತನ್ನೂ ಸೇರಿಸಿ, ಸದನದ ದಾಖಲೆಯಲ್ಲೇ ಬರೆಸಿದ. ತನ್ನ ಜನರಿಂದ ಏನನ್ನೂ ಮುಚ್ಚಿಡಲಿಲ್ಲ.

ಆದ್ದರಿಂದ ನಿಮಗೆ ನನ್ನ ಸಲಹೆ ಇಷ್ಟು. ನಿಮ್ಮ ಮನಸ್ಸು ಬದಲಾಗಿದೆ ಎಂಬುದನ್ನು ವಾಷಿಂಗ್ಟನ್‌ಗೆ ಹೊರಡುವ ಮೊದಲೇ ಶಾಖೆಗೆ ತಿಳಿಸಿ. ಶಾಖೆಯ ಸದಸ್ಯರು ಮತ ಹಾಕಿದಾಗ ಅವರ ಮುಂದೆ ಆಯವ್ಯಯದ ಪುಟಗಳಿರಲಿಲ್ಲ, ಈಗ ನಿಮ್ಮ ಕೈಯಲ್ಲಿವೆ. ಅಂಥ ಮಾಹಿತಿಯನ್ನು ಅವರ ಮುಂದಿಡದೆ, ಅದರ ಬಲದಿಂದ ಅವರ ತೀರ್ಮಾನವನ್ನು ನೀವೊಬ್ಬರೇ ತಿರುಗಿಸುವುದು ನ್ಯಾಯವಲ್ಲ. ಒಂದು ಸಭೆ ಕರೆಸಿ, ಅರ್ಧ ಗಂಟೆ ಸಾಕು. 23 ಮಂದಿ ವಿರೋಧಿಸಿದ್ದು ಹೆಚ್ಚಳದ ತತ್ವವನ್ನೋ, ಅದರ ಪ್ರಮಾಣವನ್ನೋ ಎಂದು ಬಿಡಿಸಿ ಕೇಳಿ. ನಾನು ಕಂಡಂತೆ ಇಂಥ ಸಭೆಗಳಲ್ಲಿ ಬೇಡ ಎಂದವರಲ್ಲಿ ಅರ್ಧದಷ್ಟು ಜನರ ಅರ್ಥ ಇಷ್ಟೊಂದು ಬೇಡ ಎಂದಾಗಿರುತ್ತದೆ. ಆ ವ್ಯತ್ಯಾಸ ತಿಳಿಯದೆ ಹೋದರೆ, ಸಭಾಂಗಣದಲ್ಲಿ ಪ್ರಸ್ತಾವದ ಪಠ್ಯ ತಿದ್ದುಪಡಿಯಾಗಿ ಬೇರೆಯೇ ರೂಪ ತಳೆದಾಗ ನೀವು ಯಾರ ಅಭಿಪ್ರಾಯವನ್ನು ಹಿಡಿದುಕೊಂಡು ನಿಲ್ಲುತ್ತೀರಿ? ಶಾಖೆಯಲ್ಲಿ ಮತಕ್ಕೆ ಬಿದ್ದ ಪಠ್ಯ ಒಂದು, ಅಲ್ಲಿ ಕೊನೆಗೆ ಮತಕ್ಕೆ ಬೀಳುವ ಪಠ್ಯ ಇನ್ನೊಂದಾಗಿರಬಹುದು.

ಇಷ್ಟಾದ ಮೇಲೂ ಶಾಖೆ ಖಡಾಖಂಡಿತವಾಗಿ ಬೇಡವೆಂದರೆ, ನಾನಾಗಿದ್ದರೆ ಬೇಡವೆಂದೇ ಮತ ಹಾಕುತ್ತಿದ್ದೆ. ವಂತಿಗೆ ಕಟ್ಟುವವರು ಅವರು. ಹಣದ ವಿಷಯದಲ್ಲಿ ಕೊಡುವವರ ಮಾತಿಗೆ ನನ್ನ ವಿವೇಚನೆಗಿಂತ ತೂಕ ಹೆಚ್ಚು.

ಉತ್ತರ 3

ಮತದ ಪ್ರಶ್ನೆಗೆ ಮೇಲಿನ ಇಬ್ಬರೂ ಚೆನ್ನಾಗಿ ಉತ್ತರಿಸಿದ್ದಾರೆ. ನಾನು ವಾಷಿಂಗ್ಟನ್ ಸೀಮೆಯಲ್ಲಿ ಹದಿನೇಳು ವರ್ಷಗಳಿಂದ ಇರುವವನು; ಲೀಗ್‌ನ ಸದಸ್ಯನೂ ಹೌದು. ಹೆಸರಿನಲ್ಲಿ ಮಹಿಳಾ ಮತದಾರರು ಎಂದಿದ್ದರೂ 1970ರ ದಶಕದಿಂದ ಗಂಡಸರಿಗೂ ಸದಸ್ಯತ್ವವಿದೆ. ಸಂಸದರ ಕಚೇರಿಗಳ ಭೇಟಿಯ ಬಗ್ಗೆ ಬರೆಯುತ್ತೇನೆ.

ಸಭಾಂಗಣದಲ್ಲಿ ನಿಮ್ಮ ವಿವೇಚನೆಗೆ ಜಾಗವಿದೆ, ಸಂಸದರ ಕಚೇರಿಯಲ್ಲಿ ಇಲ್ಲ. ಇದು ಕಟುವಾಗಿ ಕೇಳಿಸಬಹುದು, ಆದರೆ ಸಂಸ್ಥೆ ನೂರು ವರ್ಷ ಬಾಳಿರುವುದು ಈ ಶಿಸ್ತಿನಿಂದಲೇ. ಲೀಗ್ ಯಾವ ಪಕ್ಷವನ್ನೂ ಅಭ್ಯರ್ಥಿಯನ್ನೂ ಬೆಂಬಲಿಸುವುದಿಲ್ಲ, ವಿರೋಧಿಸುವುದೂ ಇಲ್ಲ. ಆದರೆ ಸದಸ್ಯರು ಅಧ್ಯಯನ ಮಾಡಿ ಒಮ್ಮತಕ್ಕೆ ಬಂದ ವಿಷಯಗಳ ಮೇಲೆ ನಿಲುವು ತಳೆದು, ಅದಕ್ಕಾಗಿ ಒತ್ತಾಯಿಸುತ್ತದೆ. ಆ ನಿಲುವುಗಳನ್ನು ಬಿಟ್ಟು ಬೇರೆ ವಿಷಯದಲ್ಲಿ ಲೀಗ್ ಹೆಸರೆತ್ತುವಂತಿಲ್ಲ. ಒಕ್ಕೂಟ ಸರ್ಕಾರದ ಮಟ್ಟದ ವಿಷಯಗಳಲ್ಲಿ ಸ್ಥಳೀಯ ಶಾಖೆಯವರು ಸಂಸ್ಥೆಯ ಪರವಾಗಿ ಮಾತನಾಡಲು ರಾಷ್ಟ್ರೀಯ ಕಚೇರಿಯ ಒಪ್ಪಿಗೆಯೂ ಬೇಕು. ನಿಮ್ಮ ರಾಜ್ಯದ ಗುಂಪಿನ ಮುಖ್ಯಸ್ಥರು ಅದನ್ನು ಪಡೆದಿದ್ದಾರೆಯೇ ಎಂದು ಈಗಲೇ ವಿಚಾರಿಸಿ. ಕಚೇರಿಯಲ್ಲಿ ಯಾರಾದರೂ ನಿಮ್ಮ ಸ್ವಂತ ಅಭಿಪ್ರಾಯ ಕೇಳಿದರೆ, ನಾನು ಇಂದು ಬಂದಿರುವುದು ಸಂಸ್ಥೆಯ ಪರವಾಗಿ ಎಂದು ಸೌಜನ್ಯದಿಂದ ಹೇಳಿ ವಿಷಯಕ್ಕೆ ಮರಳಿ.

ಅಧಿವೇಶನ ವಾರಾಂತ್ಯಕ್ಕೆ ಹೊಂದಿಕೊಂಡಿರುವುದರಿಂದ, ಒಂದು ದಿನ ಮೊದಲೇ ಬರುವ ಯೋಚನೆ ಸರಿಯಾಗಿದೆ. ವಾರದ ಕೊನೆಗೆ ಸಂಸದರು ತಂತಮ್ಮ ಕ್ಷೇತ್ರಗಳಿಗೆ ಹೊರಟುಬಿಡುತ್ತಾರೆ. ಪ್ರತಿನಿಧಿ ಸಭೆಯ ಕಚೇರಿಗಳಿರುವ ಕ್ಯಾನನ್, ಲಾಂಗ್‌ವರ್ತ್, ರೇಬರ್ನ್ ಕಟ್ಟಡಗಳಿಗೆ ಕ್ಯಾಪಿಟಲ್ ಸೌತ್ ಮೆಟ್ರೊ ನಿಲ್ದಾಣ ಹತ್ತಿರ. ಸೆನೆಟ್‌ನ ರಸೆಲ್, ಡರ್ಕ್‌ಸೆನ್, ಹಾರ್ಟ್ ಕಟ್ಟಡಗಳಿಗೆ ಯೂನಿಯನ್ ಸ್ಟೇಷನ್ ಹತ್ತಿರ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಸಂಸತ್ ಭವನವಾದ ಕ್ಯಾಪಿಟಲ್ ಕಟ್ಟಡವನ್ನು ಸುತ್ತಿಕೊಂಡು ನಡೆಯಬೇಕು, ಪ್ರತಿ ಬಾಗಿಲಲ್ಲೂ ತಪಾಸಣೆಯ ಸಾಲಿರುತ್ತದೆ. ಎರಡು ಭೇಟಿಗಳ ನಡುವೆ ಮುಕ್ಕಾಲು ಗಂಟೆಯಾದರೂ ಬಿಡಿ. ನಿಮ್ಮನ್ನು ಬರಮಾಡಿಕೊಳ್ಳುವವರು ಬಹುಪಾಲು ಇಪ್ಪತ್ತೈದರ ಆಸುಪಾಸಿನ ಸಹಾಯಕರಾಗಿರುತ್ತಾರೆ, ಕೆಲವೊಮ್ಮೆ ಕೋಣೆಯಲ್ಲಿ ಜಾಗವಿಲ್ಲದೆ ಮೊಗಸಾಲೆಯಲ್ಲೇ ನಿಂತು ಮಾತನಾಡಬೇಕಾಗುತ್ತದೆ. ಇದರಿಂದ ಬೇಸರ ಬೇಡ. ಸಂಸದರಿಗೆ ಟಿಪ್ಪಣಿ ಬರೆದುಕೊಡುವವರು ಅವರೇ. ಪೌರತ್ವದ ಪ್ರಮಾಣವಚನದ ದಿನ ಮೇಜಿನ ಹಿಂದಿದ್ದ ಆ ಮಹಿಳೆಯ ಪ್ರಸಂಗವನ್ನು ನೀವು ಇಲ್ಲಿ ಬರೆದಂತೆಯೇ ಅಲ್ಲಿಯೂ ಹೇಳಿ. ಹತ್ತು ಪುಟಗಳ ಅಂಕಿಅಂಶಕ್ಕಿಂತ ಅದು ಹೆಚ್ಚು ಹೊತ್ತು ಅವರ ನೆನಪಿನಲ್ಲಿ ಉಳಿಯುತ್ತದೆ.

ಒಂದು ಅರ್ಧ ದಿನ ಉಳಿದರೆ ಕ್ಯಾಪಿಟಲ್‌ನ ಗುಮ್ಮಟದ ಕೆಳಗಿನ ದುಂಡನೆಯ ಸಭಾಂಗಣವಾದ ರೊಟಂಡಾಕ್ಕೆ ಹೋಗಿಬನ್ನಿ. ಮಹಿಳೆಯರ ಮತದ ಹಕ್ಕಿಗಾಗಿ ಹೋರಾಡಿದ ಲುಕ್ರೀಷಿಯಾ ಮಾಟ್, ಎಲಿಜಬೆತ್ ಕೇಡಿ ಸ್ಟಾಂಟನ್, ಸೂಸನ್ ಬಿ. ಆ್ಯಂಟನಿ ಈ ಮೂವರ ಎದೆಮಟ್ಟದ ಪ್ರತಿಮೆಗಳು ಒಂದೇ ಅಮೃತಶಿಲೆಯಿಂದ ಮೇಲೆದ್ದಂತಿವೆ, ಅವರ ಹಿಂದೆ ಕೆತ್ತದೆ ಬಿಟ್ಟ ಒರಟು ಕಲ್ಲು ನಿಂತಿದೆ. 1921ರಲ್ಲಿ ಕಾಣಿಕೆಯಾಗಿ ಬಂದ ಈ ಶಿಲ್ಪವನ್ನು ರೊಟಂಡಾದಿಂದ ಬಲುಬೇಗ ಕೆಳಗಿನ ನೆಲಮಹಡಿಗೆ ಸಾಗಿಸಲಾಯಿತು. ಅದು ಮತ್ತೆ ಮೇಲೆ ಬಂದದ್ದು 1997ರಲ್ಲಿ. ಅದೇ ಕಟ್ಟಡದ ಹಳೆಯ ಸೆನೆಟ್ ಸಭಾಂಗಣದಲ್ಲಿ 1920ರ ದಶಕದಲ್ಲಿ ಸುಪ್ರೀಂ ಕೋರ್ಟ್ ಕುಳಿತುಕೊಳ್ಳುತ್ತಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಭಾರತೀಯರು ಅಮೆರಿಕದ ಪೌರತ್ವಕ್ಕೆ ಅರ್ಹರಲ್ಲವೆಂಬ ತೀರ್ಪು ಹೊರಬಿದ್ದದ್ದು ಅಲ್ಲಿಂದಲೇ. ಆ ಬಾಗಿಲು ಮತ್ತೆ ತೆರೆದದ್ದು 1946ರ ಲೂಸ್-ಸೆಲರ್ ಕಾಯ್ದೆಯಿಂದ. ಅಂದರೆ, ಮಹಿಳೆಯರಿಗೆ ಮತ ಸಿಕ್ಕಿ ಕಾಲು ಶತಮಾನ ಕಳೆದ ಮೇಲೂ ನಿಮ್ಮಂತೆ ಭಾರತದಿಂದ ಬಂದ ಒಬ್ಬ ಮಹಿಳೆಗೆ ಆ ಅರ್ಜಿಯ ಮೇಲೆ ಸಹಿ ಹಾಕುವ ಹಕ್ಕಿರಲಿಲ್ಲ. ಆ ಎರಡು ಕೋಣೆಗಳ ನಡುವೆ ನಡೆಯುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಪೆನ್ಸಿಲ್ವೇನಿಯಾ ಅವೆನ್ಯೂ ಮೇಲೂ ಸ್ವಲ್ಪ ದೂರ ನಡೆಯಿರಿ. 1913ರ ಮಾರ್ಚ್ 3ರಂದು, ವುಡ್ರೋ ವಿಲ್ಸನ್ ಅಧ್ಯಕ್ಷರಾಗಿ ಅಧಿಕಾರ ಸ್ವೀಕರಿಸುವ ಹಿಂದಿನ ದಿನ, ಮತದ ಹಕ್ಕಿಗಾಗಿ ಸಾವಿರಾರು ಮಹಿಳೆಯರು ಈ ಬೀದಿಯಲ್ಲೇ ಮೆರವಣಿಗೆ ಹೊರಟರು. ಕಪ್ಪು ಮಹಿಳೆಯರು ಹಿಂದಿನ ಸಾಲಿನಲ್ಲಿ ಬರಬೇಕೆಂಬ ಮಾತು ಬಂದಾಗ ಕಪ್ಪು ಹೋರಾಟಗಾರ್ತಿ ಐಡಾ ಬಿ. ವೆಲ್ಸ್ ಅದಕ್ಕೆ ಮಣಿಯದೆ, ದಾರಿಯ ಮಧ್ಯೆ ಇಲಿನಾಯ್ ರಾಜ್ಯದ ತಂಡದ ಸಾಲಿಗೇ ಬಂದು ಸೇರಿಕೊಂಡರು.

ಹಾಗೆಯೇ ಬೀದಿಯಲ್ಲಿ ನಿಂತ ಕಾರುಗಳ ನಂಬರ್ ಪ್ಲೇಟ್ ಗಮನಿಸಿ. ಪ್ರಾತಿನಿಧ್ಯವಿಲ್ಲದ ತೆರಿಗೆಯ ಬಗೆಗಿನ ಘೋಷಣೆ ಅದರ ಮೇಲೆ ಅಚ್ಚಾಗಿರುತ್ತದೆ. 2020ರ ಜನಗಣತಿಯಂತೆ ಈ ರಾಜಧಾನಿಯಲ್ಲಿ 6,89,545 ಜನರಿದ್ದಾರೆ, ವಯೋಮಿಂಗ್ ರಾಜ್ಯದಲ್ಲಿ 5,76,851. ವಯೋಮಿಂಗ್‌ಗೆ ಇಬ್ಬರು ಸೆನೆಟರ್‌ಗಳಿದ್ದಾರೆ. ಇಲ್ಲಿಯವರಿಗೆ ಒಬ್ಬರೂ ಇಲ್ಲ, ಕೆಳಮನೆಯಲ್ಲಿರುವ ಒಬ್ಬ ಪ್ರತಿನಿಧಿಗೆ ಸದನದ ಅಂತಿಮ ಮತದಾನದಲ್ಲಿ ಮತವಿಲ್ಲ. ಅಧ್ಯಕ್ಷೀಯ ಚುನಾವಣೆಯಲ್ಲಿ ಪಾಲು ಸಿಕ್ಕಿದ್ದೂ 1961ರ 23ನೇ ತಿದ್ದುಪಡಿಯ ನಂತರ. ನಿಮ್ಮ ಕೈಯಲ್ಲಿರುವ ಮತ ಯಾರದೆಂದು ನೀವು ಚಿಂತಿಸುತ್ತಿದ್ದೀರಿ. ನಿಮ್ಮ ಹೋಟೆಲಿನ ಬಾಗಿಲು ತೆರೆಯುವವರಿಗೆ ಕಾಂಗ್ರೆಸ್‌ನಲ್ಲಿ ತಮ್ಮದೆನ್ನುವ ಒಂದು ಮತವೂ ಇಲ್ಲ. ಅವರೊಡನೆಯೂ ಎರಡು ಮಾತನಾಡಿ ಬನ್ನಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಎರಡನೆಯ ಉತ್ತರ ಓದಿದ ರಾತ್ರಿಯೇ ನಮ್ಮ ಅಧ್ಯಕ್ಷರಿಗೆ ಕರೆ ಮಾಡಿದೆ. ಕಳೆದ ಭಾನುವಾರ ಸಭೆ ಸೇರಿ, ಆಯವ್ಯಯದ ಪುಟಗಳ ಪ್ರತಿಗಳನ್ನು ಎಲ್ಲರಿಗೂ ಹಂಚಿ, ನನ್ನ ಮನಸ್ಸು ಬದಲಾದ ವಿಷಯವನ್ನು ಎದ್ದು ನಿಂತು ಹೇಳಿದೆ. ಕೈ ನಡುಗುತ್ತಿತ್ತು. ಎಂಬತ್ತೊಂದು ವರ್ಷದ ಸದಸ್ಯೆಯೊಬ್ಬರು ಕನ್ನಡಕ ಸರಿಪಡಿಸಿಕೊಂಡು ಪುಟವನ್ನು ಮೇಲಿಂದ ಕೆಳಗಿನವರೆಗೆ ಓದಿ, ಪ್ರಸ್ತಾವದ ಅರ್ಧದಷ್ಟಾದರೆ ತಾನು ಕೊಡಬಲ್ಲೆ, ಪೂರ್ತಿ ಕೊಡಲಾರೆ ಎಂದರು. ಅದಕ್ಕೆ ಬಹಳಷ್ಟು ತಲೆಗಳು ಅಲ್ಲಾಡಿದವು. ಮತಕ್ಕೆ ಹಾಕಿದಾಗ, ಅರ್ಧದಷ್ಟು ಹೆಚ್ಚಳಕ್ಕೆ 34 ಮಂದಿ ಒಪ್ಪಿದರು, 8 ಮಂದಿ ಒಪ್ಪಲಿಲ್ಲ. ಪೂರ್ತಿ ಹೆಚ್ಚಳವೇ ಮತಕ್ಕೆ ಬಂದರೆ ಚರ್ಚೆ ಕೇಳಿ ನಿರ್ಧರಿಸುವ ಅಧಿಕಾರವನ್ನು ನಮ್ಮಿಬ್ಬರಿಗೆ ಬಿಟ್ಟಿದ್ದಾರೆ, ಆದರೆ ಒಂದು ಷರತ್ತು: ಹಿಂದಿರುಗಿದ ಎರಡು ವಾರಗಳೊಳಗೆ ಪ್ರತಿ ಮತದ ಕಾರಣವನ್ನು ಬರೆದು ಒಪ್ಪಿಸಬೇಕು.

ಈಗ ಉಳಿದಿರುವ ಪ್ರಶ್ನೆ ಒಂದೇ. ಅರ್ಧದಷ್ಟು ಹೆಚ್ಚಳ ಎಂಬ ತಿದ್ದುಪಡಿಯನ್ನು ಸಭಾಂಗಣದಲ್ಲಿ ನಾನೇ ಮಂಡಿಸಬಹುದೇ, ಅಥವಾ ಅದಕ್ಕೆ ಮೊದಲೇ ನೋಟಿಸ್ ಕೊಟ್ಟಿರಬೇಕೇ?

ಉತ್ತರ 1 ಬರೆದವರಿಂದ

ಎರಡನೆಯ ಉತ್ತರದವರ ಮಾತು ನನ್ನದಕ್ಕಿಂತ ಮೇಲಾಗಿತ್ತು, ಅದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ನಾನು ಮತ ಹಾಕುವ ಕ್ಷಣವನ್ನಷ್ಟೇ ನೋಡಿದೆ, ಅವರು ಅದರ ಹಿಂದುಮುಂದನ್ನೂ ನೋಡಿದರು.

ನೀವೇ ಮಂಡಿಸಬಹುದು. ಉಪನಿಯಮದ ತಿದ್ದುಪಡಿಗೆ ಮುಂಚಿತವಾಗಿ ನೋಟಿಸ್ ಹೋಗಿರುವುದರಿಂದ, ರಾಬರ್ಟ್ಸ್ ರೂಲ್ಸ್ ಪ್ರಕಾರ ಸಭಾಂಗಣದಲ್ಲಿ ಅದಕ್ಕೆ ತರುವ ಬದಲಾವಣೆ ಆ ನೋಟಿಸಿನ ವ್ಯಾಪ್ತಿಯೊಳಗೇ ಇರಬೇಕು. ಅಂದರೆ, ಈಗಿರುವ ಮೊತ್ತ ಮತ್ತು ನೋಟಿಸಿನಲ್ಲಿ ಹೇಳಿದ ಮೊತ್ತ ಇವೆರಡರ ನಡುವಿನ ಯಾವ ಅಂಕಿಯನ್ನಾದರೂ ಸೂಚಿಸಬಹುದು. ಅದಕ್ಕಿಂತ ಹೆಚ್ಚಿಸುವಂತಿಲ್ಲ, ಈಗಿರುವುದಕ್ಕಿಂತ ಇಳಿಸುವಂತೆಯೂ ಇಲ್ಲ. ನಿಮ್ಮ ಅರ್ಧದ ಅಂಕಿ ಈ ವ್ಯಾಪ್ತಿಯೊಳಗೇ ಬರುತ್ತದೆ. ನಿಮ್ಮ ಬದಲಾವಣೆ ಅಂಗೀಕಾರವಾಗಲು ಸರಳ ಬಹುಮತ ಸಾಕು, ಆದರೆ ಬದಲಾದ ರೂಪದಲ್ಲಿ ಉಪನಿಯಮದ ತಿದ್ದುಪಡಿ ಗೆಲ್ಲಬೇಕಾದರೆ ಮೂರನೇ ಎರಡರಷ್ಟು ಮತ ಬೇಕೇ ಬೇಕು. ಈ ಲೆಕ್ಕವೇ ನಿಮಗೆ ಅನುಕೂಲಕರ: ಪೂರ್ತಿ ಹೆಚ್ಚಳಕ್ಕೆ ಮೂರನೇ ಎರಡರಷ್ಟು ಮತ ಸಿಗುವುದು ಅನುಮಾನವೆಂದು ಕಂಡರೆ ಅದರ ಪರವಾಗಿರುವವರೂ ನಿಮ್ಮ ಅಂಕಿಯತ್ತ ಬರುತ್ತಾರೆ. ಹಿಂದಿನ ಸಂಜೆಯ ಕಾಕಸ್‌ನಲ್ಲಿ ಅವರನ್ನು ಹುಡುಕಿ ಮಾತನಾಡಿ. ಅನುಮೋದಿಸುವವರನ್ನೂ ಅಲ್ಲೇ ಗೊತ್ತು ಮಾಡಿಕೊಳ್ಳಿ. ಸಾಧ್ಯವಾದರೆ ಅವರು ದೊಡ್ಡ ಶಾಖೆಯೊಂದರವರಾಗಿರಲಿ.

ತಿದ್ದುಪಡಿಯನ್ನು ಬರವಣಿಗೆಯಲ್ಲಿ ಕೊಡಬೇಕು. ಯಾವ ಅಂಕಿ ತೆಗೆದು ಯಾವ ಅಂಕಿ ಸೇರಿಸಬೇಕೆಂಬುದನ್ನಷ್ಟೇ ಒಂದು ವಾಕ್ಯದಲ್ಲಿ ಬರೆದು, ನಿಮ್ಮ ಮತ್ತು ಅನುಮೋದಕರ ಹೆಸರು, ಶಾಖೆಗಳನ್ನು ಕೆಳಗೆ ಸೇರಿಸಿ ಮೂರು ಪ್ರತಿ ಮಾಡಿಸಿಕೊಳ್ಳಿ: ಒಂದು ಅಧ್ಯಕ್ಷರಿಗೆ, ಒಂದು ಕಾರ್ಯದರ್ಶಿಗೆ, ಒಂದು ನಿಮ್ಮ ಕೈಯಲ್ಲಿ. ಮೈಕಿನ ಮುಂದೆ ಮೊದಲು ಆ ವಾಕ್ಯವನ್ನು ಓದಿ, ಅನುಮೋದನೆಯಾಗುವವರೆಗೆ ಸುಮ್ಮನಿರಿ. ಅಧ್ಯಕ್ಷರು ಅದನ್ನು ಸಭೆಯ ಮುಂದಿಟ್ಟ ಮೇಲೆಯೇ ನಿಮ್ಮ ಕಾರಣ ಹೇಳಬೇಕು. ಕನ್ನಡಕ ಸರಿಪಡಿಸಿಕೊಂಡು ಪುಟ ಓದಿದ ಆ ಎಂಬತ್ತೊಂದರ ಹಿರಿಯರ ಮಾತನ್ನೇ ಕಾರಣವಾಗಿ ಹೇಳಿ, ಅವರ ಒಪ್ಪಿಗೆ ಪಡೆದು.